ಡ್ರಮ್ಮಿನ ಮೇಲೆ ಕೂತ ಮಹಾರಾಜ

ಬೀದಿಯ ಆರೋಗ್ಯ ಸಂಘದವರು ಬಾಗಿಲು ತಟ್ಟುವ ಹೊತ್ತಿಗೆ ಪಂಕ್ಚರ್ ಅಂಗಡಿಯವನು ತನ್ನ ನೀರಿನ ಡ್ರಮ್ಮಿಗೆ ಹಲಗೆ ಮುಚ್ಚಿ, ಅದರ ಮೇಲೆ ಸಿಂಹಾಸನವೇರಿದ ಮಹಾರಾಜನಂತೆ ಕೂತುಬಿಟ್ಟಿದ್ದ.

ಬೀದಿಯಲ್ಲಿ ಮನೆಗೊಬ್ಬರು ಜ್ವರ ಹಿಡಿದು ಮಲಗಿ ಎದ್ದ ಮೇಲೆ ಹುಟ್ಟಿಕೊಂಡ ಸಂಘ ಅದು. ನಲ್ಲಿ ನೀರು ಬರುವ ದಿನ ಎಲ್ಲರೂ ಹಳೇ ನೀರು ಚೆಲ್ಲಿ, ತೊಟ್ಟಿ, ಡ್ರಮ್ಮು ಉಜ್ಜಿ ಒಣಗಿಸಬೇಕು. ಸೊಳ್ಳೆಗೆ ಮೊಟ್ಟೆಯಿಡಲು ಜಾಗ ಸಿಗಬಾರದು. ಎಲ್ಲರೂ ಒಪ್ಪಿದ್ದರು, ಇವನೊಬ್ಬನನ್ನು ಬಿಟ್ಟು. ಇವನ ಕಷ್ಟ ಇವನಿಗೆ. ಮನೆ ಪೈಪಿನ ಕಟ್ಟಕಡೆಗೆ. ಬೀದಿಯೆಲ್ಲ ಹಿಡಿದು ಮಿಕ್ಕ ನೀರು ಇವನ ನಲ್ಲಿಯಲ್ಲಿ ನೆಗಡಿಯಾದ ಮುದುಕನ ಮೂಗಿನಂತೆ ತೊಟ್ಟಿಕ್ಕುತ್ತಿತ್ತು. ಟ್ಯೂಬು ಮುಳುಗಿಸಿ ತೂತು ಹುಡುಕಲು ನೀರಿಲ್ಲದಿದ್ದರೆ ಅಂಗಡಿಗೆ ಬೀಗವೇ.

"ಇಳೀರಿ ಅಣ್ಣಾ," ಎಂದರು ಸಂಘದ ಮುಂದಾಳು, ನಿವೃತ್ತ ನರ್ಸಮ್ಮ.

"ಇಳಿಯಲ್ಲ! ಡ್ರಮ್ಮು ನಂದು, ನೀರು ನಂದು!"

"ಸೊಳ್ಳೆನೂ ನಿಮ್ದೇನಾ? ಹಂಗಾದ್ರೆ ಕಟ್ಟಿಹಾಕಿ ಸಾಕ್ಕೊಳ್ಳಿ, ನಮ್ಮನೆ ಕಡೆ ಬಿಡಬೇಡಿ."

ಪಕ್ಕದ ಮನೆಯ ದರ್ಜಿ ಕಿಸಕ್ಕನೆ ನಕ್ಕ. ಇವನಿಗೆ ಮೈಯೆಲ್ಲ ಉರಿದುಹೋಯಿತು.

"ಏನಂದ್ಕೊಂಡಿದೀರಿ? ನನ್ನ ನೀರು ಕನ್ನಡಿ ಥರ ಇದೆ! ಒಂದು ಹುಳ ಇದ್ರೆ ಮೀಸೆ ಬೋಳಿಸ್ತೀನಿ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ.

ನರ್ಸಮ್ಮ ಸಂಘದವರನ್ನು ಕರೆದುಕೊಂಡು ಹೊರಟರು. ಅವರು ಸೋತು ಹೋದರೆಂದು ಇವನು ನಂಬಲಿಲ್ಲ. ಊಟವೂ ಡ್ರಮ್ಮಿನ ಮೇಲೇ ಆಯಿತು. ಗಿರಾಕಿ ಬಂದಾಗ ಇಳಿದರೆ ಕೋಟೆ ಹೋಗುತ್ತದೆಂದು ಟ್ಯೂಬಿಗೆ ಉಗುಳು ಹಚ್ಚಿಯೇ ಗುಳ್ಳೆ ಹುಡುಕಿದ.

"ಹಾಸಿಗೇನೂ ಅಲ್ಲೇ ಹಾಸ್ಲಾ?" ಎಂದಳು ಹೆಂಡತಿ.

"ಹಾಸು! ಪ್ರಾಣ ಹೋದ್ರೂ ಇಳಿಯಲ್ಲ!"

ಸಂಜೆ ನೀರು ಬರುವ ಹೊತ್ತಾಯಿತು. ಬೀದಿಯ ನಲ್ಲಿಗಳೆಲ್ಲ ಬರೀ ಗಾಳಿ ಬಿಟ್ಟು ಗೊರಗೊರ ಎಂದು ಸುಮ್ಮನಾದವು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಮತ್ತೆ ಬಂದರು. ಹಿಂದೆ ಕೊಡ, ಬಕೆಟ್ಟು ಹಿಡಿದ ಇಡೀ ಬೀದಿ.

"ಅಣ್ಣಾ, ನೀರಿರೋದು ನಿಮ್ಮೊಬ್ರ ಹತ್ರ. ಪಾತ್ರೆ ತೊಳೆಯೋಕೆ ಒಂದೊಂದು ಕೊಡ ಕೊಡಿ."

"ಆಗಲ್ಲ!"

"ಯಾಕೆ? ಹುಳ ಇದೆಯಾ? ಇದ್ರೆ ಹೇಳಿ, ಈಗಲೇ ಚೆಲ್ತೀವಿ."

"ಹುಳಾನೂ ಇಲ್ಲ, ಗಿಳಾನೂ ಇಲ್ಲ!"

"ಅಷ್ಟು ಒಳ್ಳೇ ನೀರಿಟ್ಕೊಂಡು ಇಲ್ಲ ಅಂತೀರಾ?" ಎಂದು ದರ್ಜಿ ರಾಗ ಎಳೆದ.

ಹುಳ ಇದೆ ಎಂದರೆ ಚೆಲ್ಲುತ್ತಾರೆ, ಇಲ್ಲ ಎಂದರೆ ಒಯ್ಯುತ್ತಾರೆ. ಬಲೆಗೆ ಬಿದ್ದ ಇಲಿಯಂತೆ ಅತ್ತಿತ್ತ ನೋಡಿ, ಹಲ್ಲು ಕಡಿಯುತ್ತ ಇಳಿದ. ನರ್ಸಮ್ಮ ಹಲಗೆ ಸರಿಸಿ ಬಗ್ಗಿ ನೋಡಿದರು. ಒಳಗೆ ಮರಿಹುಳುಗಳು ಜಾತ್ರೆ ನೆರೆದಂತೆ ಕುಣಿಯುತ್ತಿದ್ದವು.

"ಪಾತ್ರೆಗೆ ಬೇಡ, ಗಿಡದ ಬುಡಕ್ಕೆ ಸುರೀರಿ," ಎಂದರಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಡ್ರಮ್ಮು ಖಾಲಿ. ದರ್ಜಿ ಅದನ್ನು ಮಗುಚಿಯೂ ಬಿಟ್ಟ.

"ಅನ್ಯಾಯ! ನಾಳೆ ಟ್ಯೂಬು ಯಾತ್ರಲ್ಲಿ ಮುಳುಗಿಸ್ಲಿ, ನಿಮ್ಮ ಸಂಘದಲ್ಲಾ?" ಎಂದು ಇವನು ಆರ್ಭಟಿಸುತ್ತಿರುವಾಗಲೇ, ನೀರಿನ ವಾಲ್ವು ತಿರುಗಿಸುವವನು ಬಾಗಿಲಲ್ಲಿ ಇಣುಕಿದ.

"ಅಕ್ಕಾ, ಈಗ ನೀರು ಬಿಡ್ಲಾ?"

ಇವನು ಕೆಂಡದಂಥ ಕಣ್ಣು ಬಿಟ್ಟು ನರ್ಸಮ್ಮನ ಕಡೆ ತಿರುಗಿದ. ಅವರು ಗೋಡೆ ನೋಡುತ್ತಿದ್ದರು. ಉತ್ತರ ಬಂದದ್ದು ಬೆನ್ನ ಹಿಂದಿನಿಂದ, ಹೆಂಡತಿಯ ಬಾಯಿಂದ.

"ಒಂಚೂರು ತಡಿಯೋ ತಮ್ಮಾ. ಇದೊಂದು ಉಜ್ಜಿ ಒಣಗ್ಲಿ."

"ನೀ... ನೀನೂ ಸಂಘಾನಾ?"

"ಸಂಘ ಶುರುವಾಗಿದ್ದೇ ನಮ್ಮ ಅಡುಗೆಮನೇಲಿ. ಮಗಳು ಜ್ವರದಿಂದ ಎದ್ದ ಮಾರನೇ ದಿನ," ಎಂದು ಅವಳು ಸೆರಗು ಸಿಕ್ಕಿಸಿ, ಅವನ ಕೈಗೆ ಬ್ರಷ್ಷು ಕೊಟ್ಟಳು. "ಕೂಗಾಡೋದಾದ್ರೆ ಕೂಗಾಡಿ. ಉಜ್ಜುತ್ತಾ ಕೂಗಾಡಿ."