ಜಾಡಿಯ ಸುತ್ತಳತೆ ಮತ್ತು ಮೂರು ದಪ್ಪ ಬತ್ತಿಗಳು

ಮೇಣದಬತ್ತಿಗೆ ಹಾಕುವ ಬತ್ತಿಯ ಪೊಟ್ಟಣದ ಬೆನ್ನ ಮೇಲೆ ಕೋಷ್ಟಕ ರಚಿಸಿ, ಅದರಡಿ ತಮ್ಮ ಹೆಸರು ಮಾತ್ರ ಹಾಕಿಕೊಳ್ಳದ ಸಂಕೋಚದ ಮಹನೀಯರಿಗೆ,

ಮಾನ್ಯರೇ,

ತಾವೂ ತಮ್ಮ ಮನೆಯವರೂ ಕ್ಷೇಮವಾಗಿದ್ದೀರೆಂದೂ, ತಮ್ಮ ಮನೆಯ ಚಾವಣಿ ಇನ್ನೂ ಬೆಳ್ಳಗೇ ಇದೆಯೆಂದೂ ನಂಬಿ, ವೃತ್ತಿಯಿಂದ ದರ್ಜಿಯಾದ ನಾನು ಈ ಪತ್ರವನ್ನು ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಮೊದಲು ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೂ ತಮ್ಮ ಸಂಸ್ಥೆಯಿಂದ ‘ಕೋಷ್ಟಕ ನೋಡಿರಿ’ ಎಂಬ ಎರಡೇ ಪದಗಳ ಉತ್ತರ ಬಂದುದರಿಂದ ತಮಗೆ ಸಮಯದ ಅಭಾವವಿರುವುದು ನನಗೆ ಚೆನ್ನಾಗಿ ಅರ್ಥವಾಗಿದೆ. ಆದ್ದರಿಂದ ಈ ಸಲ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಒಬ್ಬ ದರ್ಜಿಗೆ ಮೇಣದ ಗೊಡವೆ ಏಕೆ ಬಂತೆಂದು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿ ಹನ್ನೆರಡು ವರ್ಷಗಳಿಂದ ಬೇಕರಿಯೊಂದರಲ್ಲಿ ಒಲೆಯ ಮುಂದೆ ನಿಲ್ಲುವವಳು. ಬ್ರೆಡ್ ಬೆಂದಿತೋ ಇಲ್ಲವೋ ಎಂದು ತಿಳಿಯಲು ಉಳಿದವರು ಗಡಿಯಾರ ನೋಡಿದರೆ, ಅವಳು ಮೂಗನ್ನು ಸ್ವಲ್ಪ ಮೇಲೆತ್ತುತ್ತಿದ್ದಳು, ಅಷ್ಟೇ. ನಾಲ್ಕು ತಿಂಗಳ ಹಿಂದೆ ಬಂದ ಜ್ವರವೊಂದು ಹೋಗುವಾಗ ಆ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೂ ಕೊಂಡೊಯ್ದಿತು. ಎರಡು ತಟ್ಟೆ ಬನ್ನು ಕರಕಲಾದ ಮೇಲೆ ಮಾಲೀಕರು ಬೈಯಲಿಲ್ಲ, ಡಬ್ಬಗಳಿಗೆ ದಾರ ಕಟ್ಟುವ ಕೆಲಸಕ್ಕೆ ಕೂರಿಸಿದರು; ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳು ಒಮ್ಮೆ ಅಂದು, ಮತ್ತೆ ಆ ವಿಷಯವನ್ನೇ ಎತ್ತಲಿಲ್ಲ. ಪರಿಚಯದ ವಾಸನೆಗಳನ್ನು ದಿನಾ ಮೂಗಿನ ಹತ್ತಿರ ಹಿಡಿಯುತ್ತಿರಿ, ಬಂದರೆ ಬಂದೀತು ಎಂದು ವೈದ್ಯರು ಅಂದದ್ದೇ ತಡ, ನಾನು ನಿಂಬೆ ಮತ್ತು ಲವಂಗದ ಎಣ್ಣೆ ತಂದು, ಅವಳ ಬೇಕರಿಯ ಖಾಲಿ ಜಾಮ್ ಜಾಡಿಗಳಲ್ಲಿ ಪರಿಮಳದ ಮೇಣದಬತ್ತಿ ಮಾಡಲು ಟೊಂಕ ಕಟ್ಟಿ ನಿಂತೆ.

ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದವನಿಗೆ ಬತ್ತಿ ಆರಿಸುವುದೇನು ಮಹಾ ಎಂಬ ಜಂಬ ನನಗಿತ್ತು. ತಮ್ಮ ಪೊಟ್ಟಣದ ಹತ್ತು ನಮೂನೆಗಳಲ್ಲಿ ಅತಿ ತೆಳುವಾದ, ನೋಡಲು ಲಕ್ಷಣವಾದ ಒಂದನೇ ನಂಬರನ್ನೇ ಆರಿಸಿದೆ. ಆ ಸಭ್ಯ ಬತ್ತಿ ಜಾಡಿಯ ನಟ್ಟನಡುವೆ ಬೆರಳು ತೂರುವಷ್ಟು ಬಾವಿ ತೋಡಿಕೊಂಡು, ಸುತ್ತಲಿನ ಮೇಣಕ್ಕೆ ಒಂದಿಷ್ಟೂ ತೊಂದರೆ ಕೊಡದೆ, ತಾನು ಕರಗಿಸಿದ ಮೇಣದಲ್ಲಿ ತಾನೇ ಮುಳುಗಿ ಸತ್ತಿತು. ಮೇಣ ಅಂಚಿನವರೆಗೆ ಕರಗಿದರೆ ತಾನೇ ಪರಿಮಳ ಹೊರಬರುವುದು? ಅವಳು ಜಾಡಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿಕೊಂಡು, ನನಗೆ ಬೇಜಾರಾಗಬಾರದೆಂದು ‘ಚೆನ್ನಾಗಿದೆ ರೀ’ ಅಂದಳು. ವಾಸನೆ ನನಗೇ ಬಂದಿರಲಿಲ್ಲ, ಸ್ವಾಮಿ. ಆ ಒಂದು ಮಾತು ನನ್ನನ್ನು ವಾರವಿಡೀ ಚುಚ್ಚಿತು.

ಆಗ ತಮಗೆ ಮೊದಲ ಪತ್ರ ಬರೆದು, ತಮ್ಮ ಆಜ್ಞೆಯಂತೆ ಕೋಷ್ಟಕ ನೋಡಿದೆ. ಎಂಥ ಕೋಷ್ಟಕ! ಅಕ್ಷರ ಎಳ್ಳುಕಾಳಿಗಿಂತ ಸಣ್ಣದಾದರೂ ಮನಸ್ಸು ಎಷ್ಟು ದೊಡ್ಡದು! ಒಂದು ಕಡೆ ‘ಜಾಡಿಯ ಅಳತೆ’, ಎದುರಿಗೆ ಬತ್ತಿಯ ನಂಬರು. ಆ ಅಳತೆ ಅಡ್ಡಕ್ಕೋ ಸುತ್ತಲೋ ಎಂಬ ಕ್ಷುಲ್ಲಕ ವಿವರದಿಂದ ಗಿರಾಕಿಯ ತಲೆ ಕೆಡಿಸಬಾರದೆಂಬ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ದರ್ಜಿಗೆ ಗುಂಡಗಿರುವುದೆಲ್ಲ ಎದೆ, ಇಲ್ಲವೇ ಸೊಂಟ. ಟೇಪು ಸುತ್ತ ಬರಬೇಕು, ಮೇಲೆ ಉಸಿರಾಡಲು ಒಂದು ಬೆರಳು ಸಡಿಲ ಬಿಡಬೇಕು. ಹಾಗೆ ಅಳೆದಾಗ ಜಾಡಿ ಇಪ್ಪತ್ತಾರು ಸೆಂಟಿಮೀಟರ್ ಬಂತು. ತಮ್ಮ ಕೋಷ್ಟಕ ಹತ್ತು ಸೆಂಟಿಮೀಟರಿಗೇ ಮುಗಿದು, ‘ಇದಕ್ಕೂ ದೊಡ್ಡದಾದರೆ ಎರಡು ಅಥವಾ ಮೂರು ಬತ್ತಿ ಬಳಸಿರಿ’ ಎಂದಿತ್ತು. ಇಪ್ಪತ್ತಾರಕ್ಕೆ ಜಿಪುಣತನ ಬೇಡವೆಂದು, ಎಲ್ಲಕ್ಕಿಂತ ದಪ್ಪನೆಯ ಹತ್ತನೇ ನಂಬರಿನ ಮೂರು ಬತ್ತಿಗಳನ್ನು ಕೋಟಿನ ಗುಂಡಿಗಳಂತೆ ಸಮ ಅಂತರದಲ್ಲಿ ನಿಲ್ಲಿಸಿ ಮೇಣ ಸುರಿದೆ.

ಮರುದಿನ ಬೆಳಿಗ್ಗೆ ಅಂಗಡಿಯಾಗಿರುವ ಮುಂದಿನ ಕೋಣೆಯಲ್ಲಿ, ಅವಳಿಗೆ ತೋರಿಸುವ ಮೊದಲು ಒಮ್ಮೆ ಪರೀಕ್ಷಿಸೋಣವೆಂದು, ಬಾಗಿಲು ಮುಚ್ಚಿಕೊಂಡು ಹಚ್ಚಿದೆ. ಮೂರೂ ಬತ್ತಿಗಳು ಒಂದಾಗಿ ಗೇಣುದ್ದ ಉರಿದವು. ಚಾವಣಿಗೆ ಮಸಿ ಹತ್ತಿತು, ಔಷಧಿ ಅಂಗಡಿಯವರು ಅಂದೇ ಒಯ್ಯಬೇಕಿದ್ದ ಬಿಳಿ ಕೋಟು ಬೂದಿ ಬಣ್ಣಕ್ಕೆ ತಿರುಗಿತು, ಜಾಡಿ ಟಪ್ಪೆಂದು ಸೀಳು ಬಿಟ್ಟಿತು, ನಾನು ಗಾಬರಿಯಿಂದ ಇಸ್ತ್ರಿ ಮೇಜಿನ ಕೆಳಗಿದ್ದ ಕಬ್ಬಿಣದ ಬಕೆಟ್ಟನ್ನು ಅದರ ಮೇಲೆ ಬೋರಲು ಹಾಕಿದೆ. ಆಗ ಹಿಂದಿನ ಕೋಣೆಯಿಂದ ಹೆಂಡತಿ, ‘ರೀ, ಏನೋ ಸುಡ್ತಾ ಇದೆಯಲ್ಲ?’ ಎಂದು ಕೂಗಿದಳು. ಏನೂ ಇಲ್ಲ ಕಣೇ ಎಂದು ನಾನು ರೂಢಿಯಂತೆ ಸುಳ್ಳು ಹೇಳಿಯೂಬಿಟ್ಟೆ. ಆಮೇಲೆ ಹೊಳೆಯಿತು: ಅವಳಿಗೆ ಹೊಗೆ ಕಾಣುವಂತಿರಲಿಲ್ಲ.

ಅವಳು ಓಡಿ ಬಂದು, ಆ ಮಸಿಯ ನಡುವೆ ನಿಂತು, ಮೂಗನ್ನು ಸ್ವಲ್ಪ ಮೇಲೆತ್ತಿ, ಬಟ್ಟೆ ಸುಟ್ಟದ್ದಲ್ಲ, ಮೇಣ, ಅದರ ಹಿಂದೆ ಸಣ್ಣಗೆ ಲವಂಗ ಎಂದು ಒಂದೊಂದಾಗಿ ಹೇಳಿದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಹೊಗೆಯನ್ನು ದೂರಬಹುದಿತ್ತು. ದೂರುವುದಿಲ್ಲ, ಇಬ್ಬರೂ ಅತ್ತೆವು.

ಇಷ್ಟರಿಂದ ನನ್ನ ದೂರು ಬಿದ್ದುಹೋಯಿತೆಂದು ತಾವು ಭಾವಿಸಬಾರದು. ತಮ್ಮ ಸಂಸ್ಥೆಯ ಹಿರಿಯ ಅಧಿಕಾರಿಗಳ ನಿಯೋಗವೊಂದು ಕೂಡಲೇ ಬಂದು, ಬೂದಿ ಬಣ್ಣವೇ ಈಗಿನ ಫ್ಯಾಷನ್ನೆಂದು ಔಷಧಿ ಅಂಗಡಿಯವರನ್ನು ಒಪ್ಪಿಸತಕ್ಕದ್ದು. ನನ್ನ ಚಾವಣಿಯ ಕ್ಷಮೆ ಕೇಳತಕ್ಕದ್ದು. ಮತ್ತು ದಿನದಿನಕ್ಕೆ ಚುರುಕಾಗುತ್ತಿರುವ ನನ್ನ ಹೆಂಡತಿಯ ಮೂಗಿಗೆ ನನ್ನ ಕಾಲುಚೀಲವೊಂದನ್ನು ಬಿಟ್ಟು ಉಳಿದೆಲ್ಲವೂ ತಿಳಿಯುವಂಥ ಬತ್ತಿಯೊಂದನ್ನು ತಯಾರಿಸಿ ಕೊಡತಕ್ಕದ್ದು. ಕಳೆದ ಸೋಮವಾರದಿಂದ ಅವಳು ಮತ್ತೆ ಒಲೆಯ ಮುಂದೆ ನಿಂತಿದ್ದಾಳೆ.

ಅಡ್ಡಕ್ಕೆ ಅಳೆದರೆ ಎಂಟೇ ಸೆಂಟಿಮೀಟರ್ ಇರುವ ನಮ್ಮ ಜಾಡಿಗೆ ಸರಿಯಾದದ್ದು ಏಳನೇ ನಂಬರು, ಅದೂ ಒಂದೇ ಒಂದು ಎಂಬುದನ್ನು ನಾನೇ ಕಂಡುಕೊಂಡೆ. ಮೂರು ಗಂಟೆಯಲ್ಲಿ ಮೇಣ ಅಂಚಿನವರೆಗೆ ಕರಗುತ್ತದೆ, ಮಸಿಯಿಲ್ಲ, ಮನೆಯೆಲ್ಲ ನಿಂಬೆ ಘಮಘಮ. ನಿನ್ನೆ ಅದನ್ನು ಹಚ್ಚಿಟ್ಟು ಹೇಗಿದೆಯೆಂದು ಕೇಳಿದರೆ, ‘ಪರವಾಗಿಲ್ಲ ರೀ, ಆದ್ರೆ ಆ ಮೂರು ಬತ್ತಿದೇ ಬೇರೆ’ ಅಂದಳು.

ಇಂತಿ, ಏಣಿಯ ಮೇಲೆ ನಿಂತು ಚಾವಣಿ ಒರೆಸುತ್ತಿರುವ,
ತಮ್ಮ ವಿಶ್ವಾಸಿ,
ದರ್ಜಿ

ಮರೆತ ಮಾತು: ಜಾಡಿಯನ್ನು ಸುತ್ತಲೂ ಅಳೆದದ್ದು ನನ್ನದೇ ತಪ್ಪೆಂದು ತಾವು ಉತ್ತರ ಬರೆಯುವವರಿದ್ದರೆ, ದಯವಿಟ್ಟು ಎರಡು ದಿನ ತಾಳಿರಿ. ತಮ್ಮ ಸೊಂಟವನ್ನು ಅಡ್ಡಕ್ಕೆ ಮಾತ್ರ ಅಳೆದು ಹೊಲಿದ ಪ್ಯಾಂಟೊಂದನ್ನು ಉಡುಗೊರೆಯಾಗಿ ಕಳಿಸುತ್ತಿದ್ದೇನೆ. ಅದನ್ನು ತೊಟ್ಟು, ಕುರ್ಚಿಯಲ್ಲಿ ಕುಳಿತು, ಆಮೇಲೆ ಬರೆಯಿರಿ.