ಡಾಕ್ಟರು ಹೇಳಿದ ಅಂಟು

ಅಜ್ಜಿ: ಅಲ್ಲೇ ನಿಲ್ಲಿ! ಹೊಸಿಲು ದಾಟಿದ್ರೆ ನೋಡಿ ಮತ್ತೆ!

ಬುಕ್ ಬೈಂಡಿಂಗ್ ಅಂಗಡಿ ಮುಚ್ಚಿಕೊಂಡು ಬಂದ ಅಜ್ಜ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತ. ಎರಡೂ ಕೈ ತುಂಬ ಕೆಂಪು ದದ್ದು. ಒಳಗೆ ತೊಟ್ಟಿಲಲ್ಲಿ ನಿನ್ನೆ ತಾನೇ ಮನೆಗೆ ಬಂದ ಮೊಮ್ಮಗಳು, ನಡುವೆ ಪೊರಕೆ ಹಿಡಿದ ಅಜ್ಜಿ. ಪಾಪ, ಮುದುಕನಿಗೆ ಕೂಸನ್ನು ಎತ್ತಿಕೊಳ್ಳಲು ಇನ್ನೂ ಒಂದು ಸಲವೂ ಸಿಕ್ಕಿಲ್ಲ.

ಅಜ್ಜ: ಬರೀ ದದ್ದು ಕಣೇ! ಎತ್ಕೊಂಡ್ರೆ ಕೂಸಿಗೇನಾಗುತ್ತೆ?

ಅಜ್ಜಿ: ಅಂಟುತ್ತೆ! ಬೆಳಗ್ಗೆ ಡಾಕ್ಟರೇ ಹೇಳಲಿಲ್ವಾ, ‘ಇದು ಅಂಟಿಂದ ಬಂದಿದ್ದು, ಒಂದು ವಾರ ದೂರ ಇರಿ’ ಅಂತ?

ಅಜ್ಜ: ನನಗೆ ಯಾರಿಂದ ಅಂಟಬೇಕು? ದಿನವಿಡೀ ಮುಟ್ಟೋದು ಪುಸ್ತಕ.

ಅಜ್ಜಿ: ಹಾಗಾದ್ರೆ ಪುಸ್ತಕಕ್ಕೇ ಕಾಯಿಲೆ. ಯಾರ್ಯಾರು ಎಂಜಲು ಹಚ್ಚಿ ಹಾಳೆ ತಿರುವಿದ್ರೋ!

ಅಜ್ಜ: ಈಗ ಹೊಲೀತಿರೋದು ವೈದ್ಯಶಾಸ್ತ್ರದ ಪುಸ್ತಕ ಮಾರಾಯ್ತಿ!

ಅಜ್ಜಿ: ನೋಡಿದ್ರಾ! ಅದರಲ್ಲಿ ಎಲ್ಲಾ ರೋಗಾನೂ ಇರುತ್ತೆ!

ಅಜ್ಜ: ಇಷ್ಟು ವರ್ಷ ಸಂಸಾರ ಮಾಡಿದ್ರೂ ನನ್ನ ತಾಳ್ಮೆ ನಿನಗೆ ಅಂಟಲಿಲ್ಲ, ದದ್ದು ಅಂಟುತ್ತಾ?

ಅಜ್ಜಿ: ನಿಮ್ಮ ಗೊರಕೆ ಅಂಟಿದೆಯಲ್ಲ, ಸಾಲದಾ?

ಇವರ ಗಲಾಟೆಗೆ ಕೂಸು ಎದ್ದು ಕಿರುಚತೊಡಗಿತು. ಮಗಳು ತಲೆ ಚಚ್ಚಿಕೊಂಡು ಡಾಕ್ಟರಿಗೇ ಫೋನ್ ಮಾಡಿ, ಸ್ಪೀಕರ್ ಹಾಕಿದಳು.

ಡಾಕ್ಟರು: ಅಯ್ಯೋ, ಅಂಟುರೋಗ ಅಲ್ಲಮ್ಮಾ! ಅಂಟು, ಅಂಟು... ಗೋಂದು! ಅಂಗಡಿಗೆ ತಂದಿರೋ ಹೊಸ ಗೋಂದು ಅವರ ಚರ್ಮಕ್ಕೆ ಒಗ್ಗಿಲ್ಲ. ಆ ಡಬ್ಬಿಯಿಂದ ದೂರ ಇರಿ ಅಂದೆ. ಈ ದದ್ದು ಯಾರಿಗೂ ಹರಡಲ್ಲ.

ಅಜ್ಜ: ಅಯ್ಯೋ ಡಾಕ್ಟ್ರೇ! ಮನೆಯಿಂದ ದೂರ ಇರಬೇಕು ಅಂತ ಇವಳು ಓಡಿಸಿದ್ದಕ್ಕೆ, ದಿನವಿಡೀ ಆ ಡಬ್ಬಿ ಪಕ್ಕದಲ್ಲೇ ಕೂತಿದ್ದೆ!

ಅಜ್ಜಿ: ಹರಡಲ್ವಾ? ಹಾಗಾದ್ರೆ ಇದೇನು?

ಅಜ್ಜಿ ಪೊರಕೆ ಬಿಸಾಕಿ ಅಂಗೈ ಚಾಚಿದಳು. ಅಲ್ಲೂ ಕೆಂಪು ದದ್ದು!

ಮಗಳು: ಅಪ್ಪ ಮುಟ್ಟಿದ್ದನ್ನೆಲ್ಲ ಬೆಳಗ್ಗಿಂದ ಫಿನಾಯಿಲ್ ಹಾಕಿ ತಿಕ್ಕಿದ್ಯಲ್ಲಮ್ಮಾ! ಚಪ್ಪಲಿನೂ ಬಿಡಲಿಲ್ಲ. ಇನ್ನೇನಾಗುತ್ತೆ?

ಅಷ್ಟರಲ್ಲಿ ಅಜ್ಜ ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡಾಗಿತ್ತು. ಅದು ಅಳು ನಿಲ್ಲಿಸಿ ಅವನ ಅಂಗಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತು. ಮುದುಕನ ಸಂಭ್ರಮ ಹೇಳತೀರದು.

ಅಜ್ಜಿ: ಸಾಕು, ಇಲ್ಲಿ ಕೊಡಿ ನನಗೆ.

ಅಜ್ಜ: ಹೇಗೆ ಕೊಡ್ಲಿ? ಅಂಟ್ಕೊಂಡುಬಿಟ್ಟಿದೆ ಕಣೇ! ನೀನು ಒಂದು ವಾರ ದೂರ ಇರು!