ಬಲಗೈಯಿಂದ ಕೊಟ್ಟ ಚೆಂಡು

ಹೊಸಬರಿಗೆ ಟೇಬಲ್ ಟೆನಿಸ್ ಕಲಿಸುವ ಅರ್ಹತೆ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹೆಣ್ಣುಮಕ್ಕಳ ಹಾಸ್ಟೆಲಿನ ಪಂದ್ಯದಲ್ಲಿ ನನಗೆ ಎರಡನೆಯ ಸ್ಥಾನ ಬಂದದ್ದು ನಿಜ. ಆ ವರ್ಷ ಹೆಸರು ಕೊಟ್ಟವರು ಇಬ್ಬರೇ ಎಂಬುದೂ ನಿಜ. ಈ ಎರಡನೆಯ ಸತ್ಯವನ್ನು ನಮ್ಮೂರು ಮೊರಬದಲ್ಲಿ ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಓದು ಮುಗಿಸಿ ನೌಕರಿಗೆ ಕಾಯುತ್ತ ಊರಿಗೆ ಬಂದಾಗ ಟ್ರಂಕಿನಲ್ಲಿ ಎರಡು ಹಳೆಯ ಬ್ಯಾಟುಗಳೂ ಬಂದವು. ಅವ್ವ ಒಂದನ್ನು ತಿರುವಿ ಮುರುವಿ ನೋಡಿ, "ರೊಟ್ಟಿ ತಿರುವಿ ಹಾಕಾಕರೆ ಬರತಿತ್ತು, ರಬ್ಬರ ಹಚ್ಚಿ ಕೆಡಿಸ್ಯಾರ" ಎಂದು ಗೂಡಿನಲ್ಲಿಟ್ಟಳು.

ನನಗೆ ಈ ಆಟದಲ್ಲಿ ಹಿಡಿಸಿದ್ದು ಆಟಕ್ಕಿಂತ ಅದರ ನಿಯಮಗಳು. ಇಪ್ಪತ್ತೊಂದು ಅಂಕಕ್ಕೆ ಒಂದು ಆಟ. ಐದು ಸರ್ವಿಸ್ ನಿನ್ನವು, ಐದು ನನ್ನವು. ಮೊದಲು ಯಾರು ಶುರು ಮಾಡಬೇಕೆಂದು ನಾಣ್ಯ ಚಿಮ್ಮಿ ನೋಡಿದರೆ ಮುಗಿಯಿತು, ತಕರಾರಿಲ್ಲ. ನಮ್ಮ ಮನೆಗಳ ವ್ಯವಹಾರ ಇಷ್ಟು ಸರಳವಾಗಿರುವುದಿಲ್ಲ.

ಆಗ ಅಕ್ಕ ಮನೆಯಲ್ಲಿದ್ದಳು. ಯರಗುಪ್ಪಿಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಮಗು ಒಂದು ದಿನವೂ ಉಳಿಯಲಿಲ್ಲ. ಭಾವ ಬಂದ, ಅಂಗಳದಲ್ಲಿ ನಿಂತೇ ಚಹಾ ಕುಡಿದ, ಅಪ್ಪನ ಮುಖ ನೋಡಲಾಗದೆ ಹೊರಟುಹೋದ. ಮಗು ಇದ್ದರೆ ಐದನೆಯ ತಿಂಗಳಿಗೆ ಗಂಡನ ಮನೆಯವರು ಬಂದು ತಾಯಿ ಮಗುವನ್ನು ಕರೆದೊಯ್ಯುವುದು ನಮ್ಮಲ್ಲಿ ಪದ್ಧತಿ. ಮಗು ಇಲ್ಲದವಳನ್ನು ಎಷ್ಟನೆಯ ತಿಂಗಳಿಗೆ ಕರೆದೊಯ್ಯಬೇಕು ಎಂಬುದಕ್ಕೆ ಪದ್ಧತಿ ಇರಲಿಲ್ಲ. ಅಪ್ಪ, "ಕರಿಯಾಕ ಅವರು ಬರಲಿ" ಎಂದ. ಅವರು ಸಂಬಂಧಿಕರ ಮೂಲಕ, "ಆಕಿಗೆ ಆರಾಮ ಆಗೈತೋ ಇಲ್ಲೋ ನಮಗೇನು ಗೊತ್ತು, ಕಳಸೂದು ಅವರು ಕಳಸ್ಲಿ" ಎಂದು ಹೇಳಿ ಕಳಿಸಿದರು. ಇಬ್ಬರೂ ಮರ್ಯಾದಸ್ಥರು. ನಡುವೆ ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ, ಬಾಣಂತಿಯರಂತೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿರುತ್ತಿದ್ದಳು. ಯರಗುಪ್ಪಿಗೆ ಹೋಗಲು ಹಿಡಿಯಬೇಕಾದ ಹುಬ್ಬಳ್ಳಿ ಬಸ್ಸಿನ ಹಾರ್ನ್ ಮಾತ್ರ ಆ ಹತ್ತಿಯನ್ನು ದಾಟಿ ಒಳಗೆ ಹೋಗುತ್ತಿತ್ತು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬರುತ್ತಿದ್ದುದು ಇದೊಂದು ಆಟ. ಕೊಟ್ಟಿಗೆಯ ಮುರಿದ ಬಾಗಿಲನ್ನು ಪಡಸಾಲೆಗೆ ತಂದು ಜೋಳದ ಚೀಲಗಳ ಮೇಲೆ ಮಲಗಿಸಿದೆ. ಎರಡು ತಂಬಿಗೆಗಳ ನಡುವೆ ಅಪ್ಪನ ಹಳೆಯ ಧೋತರದ ಅಂಚು ಕಟ್ಟಿದರೆ ನೆಟ್ ಆಯಿತು. ಅಕ್ಕನ ಕೈಗೆ ಬ್ಯಾಟ್ ಕೊಟ್ಟು, ಬ್ಯಾಟಿನ ಜೊತೆ ತಂದಿದ್ದ ಆಟದ ಪುಸ್ತಕದಲ್ಲಿದ್ದಂತೆ ಸರ್ವಿಸ್‌ನಿಂದ ಪಾಠ ಶುರು ಮಾಡಿದೆ.

"ಚೆಂಡು ಎಡಗೈಯಾಗ ಹಿಂಗ ಇಟ್ಕೊಂಡು ನನಗ ಕೊಡು."

"ಎಡಗೈಲೆ ಕೊಡ್ಲ್ಯಾ?"

"ಹೌದು."

"ಹೋಗ ಬೇ. ಭಿಕ್ಷಾ ಬೇಡಾಕ ಬಂದೋರಿಗೂ ಎಡಗೈಲೆ ಕೊಡೂದಿಲ್ಲ, ತಂಗಿಗೆ ಕೊಡ್ಲ್ಯಾ?"

"ಅಕ್ಕಾ, ರೂಲ್ಸ್ ಹಂಗ ಐತಿ."

"ಹಂಗಾರ ರೂಲ್ಸ್ ಮಾಡಿದಾಂವಗ ಅವರವ್ವ ಕಲಿಸಿಲ್ಲ."

ಹೀಗೆಂದು ಚೆಂಡನ್ನು ಬಲಗೈಗೆ ತೆಗೆದುಕೊಂಡಳು. ಬ್ಯಾಟಿಗೆ ಬೇರೆ ಗತಿಯಿರಲಿಲ್ಲ, ಎಡಗೈಗೆ ಹೋಯಿತು. ರಾತ್ರಿ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಎಡಗೈ ಎಂದಿರಲಿಲ್ಲ, ಬ್ಯಾಟು ಹಿಡಿಯದ ಕೈ ಎಂದಿತ್ತು. ತಪ್ಪು ನನ್ನದೇ. ಇದನ್ನೂ ನಾನಾಗಿ ಹೇಳಲಿಲ್ಲ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಅಕ್ಕ ಪ್ರತಿ ಚೆಂಡನ್ನೂ ತಾಟಿಗೆ ರೊಟ್ಟಿ ಹಾಕಿದಂತೆ ನೇರವಾಗಿ ನನ್ನ ಬ್ಯಾಟಿಗೇ ತಂದು ಕೊಡುತ್ತಿದ್ದಳು. "ನನ್ನಿಂದ ದೂರ ಹೊಡಿ" ಎಂದರೆ, "ದೂರ ಹೊಡದ್ರ ನೀ ಓಡಬೇಕಾಗತೈತಲ್ಲ" ಎನ್ನುತ್ತಿದ್ದಳು. ಎದುರಾಳಿ ಓಡುವುದೇ ಆಟ ಎಂದು ತಿಳಿಸುವುದರೊಳಗೆ ಅರ್ಧ ಬೇಸಿಗೆ ಕಳೆಯಿತು. ಒಂದು ಮಧ್ಯಾಹ್ನ ಏನಾಯಿತೋ, ಆ ಎಡಗೈ ಸುಮ್ಮನೆ ಒಮ್ಮೆ ಬೀಸಿತು. ಚೆಂಡು ಬಾಗಿಲಿನ ಮೂಲೆಗೆ ತಾಗಿ ಹಾರಿತು. ಅದರ ಬೆನ್ನು ಹತ್ತಿದ ನಾನು ಮೂಲೆಗೆ ಒಟ್ಟಿದ್ದ ಹತ್ತಿಯ ರಾಶಿಯಲ್ಲಿ ಮುಖ ಅಡಿಯಾಗಿ ಬಿದ್ದೆ. ಅಕ್ಕ ನಕ್ಕಳು. ಗದ್ದಲಕ್ಕೆ ಬೈಯಲೆಂದು ಹಿಟ್ಟಿನ ಕೈಯಲ್ಲೇ ಬಂದ ಅವ್ವ ಹೊಸ್ತಿಲಿನಿಂದಲೇ ಒಳಗೆ ತಿರುಗಿದಳು. ಆ ದಿನದಿಂದ ನಾನು ಒಂದು ಆಟವನ್ನೂ ಗೆದ್ದಿಲ್ಲ. ಎಡಗೈಯವರ ಚೆಂಡು ಎಲ್ಲಿಗೆ ಬರುತ್ತದೆಂದು ಹೇಳುವ ಅಧ್ಯಾಯ ನನ್ನ ಪುಸ್ತಕದಲ್ಲಿರಲಿಲ್ಲ.

ಬಾಜೂ ಮನೆಯ ಶಿವಕ್ಕನಿಗೆ ಇದು ಸರಿಬರಲಿಲ್ಲ. ಗೋಡೆಯಾಚೆಯಿಂದ ಅವ್ವನನ್ನು ಕೇಳಿಯೇಬಿಟ್ಟಳು: "ಕೂಸು ಹೋದ ಮನ್ಯಾಗ ಏನದು ಟಕ್ ಟಕ್ ಸಪ್ಪಳ?"

"ಗಡಿಯಾರ ತಂದೀವಿ" ಎಂದಳು ಅವ್ವ.

"ಗಡಿಯಾರ ನಗತೈತೇನು?"

"ನಗತೈತಿ. ಹೊಸಾದು ಐತಿ."

ನಗುವೇನೋ ಬಂತು, ಯರಗುಪ್ಪಿಯಿಂದ ಯಾರೂ ಬರಲಿಲ್ಲ. ಮಳೆಗಾಲ ಹತ್ತಿರವಾಯಿತು. ಒಂದು ಸಂಜೆ ಆಡುತ್ತಿದ್ದಾಗ ಅಂಕಗಳ ಲೆಕ್ಕ ತಪ್ಪಿತು. ಅಕ್ಕ ಚೆಂಡು ಹಿಡಿದು ನಿಂತಳು.

"ಸರ್ವಿಸ್ ಯಾರದು?"

"ನಿಂದು ಅನಸ್ತೈತಿ."

"ನನಗ ನಿಂದು ಅನಸ್ತೈತಿ. ಹಿಂಗ ಇಬ್ಬರೂ ನಿಂತ್ರ?"

"ಆಟ ಮುಂದ ಹೋಗೂದಿಲ್ಲ."

"ಎಲ್ಲಿತನಕ?"

ಹೀಗೆ ಕೇಳಿದವಳೇ ಚೆಂಡನ್ನು ಬಾಗಿಲ ಮೇಲಿಟ್ಟು ಒಳಗೆ ಹೋದಳು.

ಮರುದಿನ ಮುಂಜಾನೆ ಅಪ್ಪ ಹೊಲಕ್ಕೆ ಹೋದಮೇಲೆ ಕೈಯಲ್ಲಿ ಚೀಲ ಹಿಡಿದು ನನ್ನನ್ನು ಕರೆದಳು: "ಬಸ್ ಸ್ಟ್ಯಾಂಡ್‌ತನಕ ಬಾ." ದಾರಿಯುದ್ದಕ್ಕೂ ನಾನು ಕಾರಣಗಳನ್ನು ಹೇಳಿದೆ: ಕರೆಯಲು ಅವರು ಬಾರದೆ ನೀನು ಹೋಗಬಾರದು, ಅತ್ತೆ ಏನಾದರೂ ಅಂದಾಳು, ಭಾವ ಮಾತಾಡದೆ ಹೋದರೆ, ಅಪ್ಪನ ಮರ್ಯಾದೆ. "ಎಲ್ಲಾ ಖರೇ ಐತಿ" ಎಂದಳು ಅಕ್ಕ, ಬಸ್ಸು ಹತ್ತಿದಳು. ಸೆರಗು ಹೊದ್ದು ಕಿಟಕಿಯ ಬಳಿ ಕೂತವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದಳೇನೋ.

ಮನೆಗೆ ಬರುವ ದಾರಿಯಲ್ಲಿ ಅವ್ವನಿಗೆ ಹೇಳಬೇಕಾದ ಮಾತುಗಳನ್ನು ಕ್ರಮವಾಗಿ ಜೋಡಿಸಿಕೊಂಡೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, ತಲೆ ಎತ್ತದೆ ಕೇಳಿದಳು: "ಕೂಡಾಕ ಜಾಗಾ ಸಿಕ್ತೇನ ಆಕಿಗೆ?"

"ಕಿಡಕಿ ಬಾಜು ಸಿಕ್ತು" ಎಂದೆ. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

ಬಿತ್ತನೆ ಮುಗಿದ ಮೇಲೆ ಒಂದು ದಿನ ಯರಗುಪ್ಪಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಕಾಳು ಆರಿಸುತ್ತಿದ್ದಳು. ಅವಳ ಅತ್ತೆ ಚಹಾ ತಂದಿಟ್ಟು, "ನಿಮ್ಮಕ್ಕ ಬಂದ್ಲು ನೋಡ್ರಿ, ಮನಿಗೆ ಬೆಳಕು ಬಂತು" ಎಂದು, ತನ್ನ ಮಾತಿಗೆ ತಾನೇ ನಾಚಿ ಹಿತ್ತಲಿಗೆ ಹೋದಳು.

"ಅವತ್ತು ಭಾವ ಏನಂದ?" ಎಂದು ಕೇಳಿದೆ.

"ಏನಂದಾನು? ಕೈಯಾಗಿನ ಚೀಲ ಇಸ್ಕೊಂಡ."

"ಆಮೇಲ?"

"ಆಮೇಲ ಒಳಗ ಹೋಗಿ ಇಬ್ಬರೂ ಅತ್ತಿವಿ. ಅಂವಗ ಅಳಾಕ ಅಲ್ಲಿತನಕ ಯಾರೂ ಸಿಕ್ಕಿದ್ದಿಲ್ಲಂತ." ಕಾಳಿನಲ್ಲಿ ಬೆರಳಾಡಿಸುತ್ತ ಮೆಲ್ಲಗೆ ಸೇರಿಸಿದಳು, "ನನಗೂ."

ನಮ್ಮ ಮನೆಯಲ್ಲಿ ಅಷ್ಟು ತಿಂಗಳು ಅವಳ ಮುಂದೆ ಒಬ್ಬರೂ ಅತ್ತಿರಲಿಲ್ಲ. ಅವಳನ್ನು ನಗಿಸಿದೆನೆಂದು ನಾನು ಒಳಗೊಳಗೇ ಬೀಗಿದ್ದೆ. ಆ ಕೂಸು ಯಾರ ಹಾಗಿತ್ತು, ಅದಕ್ಕೆ ನೀನು ಹೆಸರೇನಿಡಬೇಕೆಂದಿದ್ದೆ ಎಂದು ಈಗಲಾದರೂ ಕೇಳಬೇಕೆನಿಸಿತು. ಕೇಳಿದ್ದು ಮಾತ್ರ ಇಷ್ಟು: "ಹುಬ್ಬಳ್ಳಿಗೆ ಕಡೇ ಬಸ್ ಎಷ್ಟಕ್ಕೈತಿ?"

ಅಕ್ಕ ನನ್ನನ್ನೇ ನೋಡಿದಳು. "ಕಡೇ ಬಸ್ ಹೋತು. ಇವತ್ತು ಇರು."

ಆಗಿನ್ನೂ ಮಧ್ಯಾಹ್ನ ಮೂರು ಗಂಟೆ. ನಾನು ತಕರಾರು ಮಾಡಲಿಲ್ಲ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಅವಳ ಬಾಜು ಕೂತೆ.